ತಂಗಿ ಆಡದ ಮಾತು

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಮೊದಲು ಕೈ ನಡುಗುತ್ತದೆ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ನೋಡೋಣ ಎಂದೆ. ಪೊರೆ ತೆಗೆಸಿಯೂ ಆಯಿತು, ಈಗ ಅಕ್ಷರಗಳು ಬೇಕಾದ್ದಕ್ಕಿಂತ ಚೆನ್ನಾಗಿ ಕಾಣುತ್ತವೆ. ಇನ್ನು ನೆಪ ಉಳಿದಿಲ್ಲ. ವಿಷಯ ಒಂದೇ ಒಂದು ಮಾತಿನದು. ನನ್ನ ತಂಗಿ ಡಾಕ್ಟರ ಎದುರು ಒಂದು ಮಾತು ಹೇಳಿದಳು. ನಾನು ಅದನ್ನು ಮರೆಮಾಡಿ ಅವಳು ಹೇಳದ್ದನ್ನು ಹೇಳಿದಳೆಂದು ಹೇಳಿದೆ. ಅದರಿಂದ ಅವಳಿಗೆ ತನ್ನ ಮನೆಯಲ್ಲಿ ಸಾಯುವುದಕ್ಕೂ ಆಗಲಿಲ್ಲ. ಇದು ಈವರೆಗೆ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೇಬೇಕಾದ ಒಬ್ಬರಿದ್ದಾರೆ, ಅವರ ಮುಂದೆಯೂ ನಾನು ಬಾಯಿ ಬಿಟ್ಟಿಲ್ಲ.

ನಾವು ಕೊಯಮತ್ತೂರು ಕಡೆಯ ಕಾರಮಡೈ ಬಳಿಯ ನೇಕಾರರು. ಮೈಸೂರು ಸೀಮೆಯಿಂದ ನಮ್ಮವರು ಯಾವಾಗ ಘಟ್ಟ ಇಳಿದು ಬಂದರೋ ಮನೆಯಲ್ಲಿ ಯಾರಿಗೂ ತಿಳಿಯದು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ಆ ಕನ್ನಡದಲ್ಲೂ ಅರ್ಧ ತಮಿಳೇ. ತಾಯಿಯ ತವರು ಕೊಳ್ಳೇಗಾಲದ ಕಡೆ ಇದ್ದುದರಿಂದ ನಾನೊಬ್ಬ ಮಾತ್ರ ಅಜ್ಜನ ಮನೆಯಲ್ಲಿದ್ದು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದೆ. ನನಗಿಂತ ಚಿಕ್ಕವಳಾದ ತಂಗಿ ಊರಿನ ತಮಿಳು ಶಾಲೆಗೆ ಹೋದಳು.

ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಹೊರಗಿನವರ ಎದುರು ಹೆಂಗಸರಾಗಲಿ ಕಿರಿಯರಾಗಲಿ ನೇರವಾಗಿ ಏನನ್ನೂ ಕೇಳುವುದಿಲ್ಲ. ಕೇಳಬೇಕಾದ್ದನ್ನು ಮನೆಯ ಹಿರಿಯನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ, ಅವನು ಅದನ್ನು ತಮಿಳಿನಲ್ಲಿ ಮುಂದಿಡುತ್ತಾನೆ. ಅವರಿಗೆ ತಮಿಳು ಬಾರದೆ ಅಲ್ಲ, ಎಷ್ಟೋ ಸಲ ಅವನಿಗಿಂತ ಚೆನ್ನಾಗಿಯೇ ಬರುತ್ತದೆ. ಅದು ಹಿರಿಯನಿಗೆ ಕೊಡುವ ಮರ್ಯಾದೆ. ಅವನು ಏನು ಹೇಳಿದನೋ ಅದೇ ಮನೆಯ ಮಾತು, ಹೊರಗಿನವರ ಎದುರು ಅದನ್ನು ಯಾರೂ ತಿದ್ದುವುದಿಲ್ಲ. ನೂಲು ಕೊಡುವ ಯಜಮಾನ ಬಂದಾಗ ಅಮ್ಮ ಒಳಬಾಗಿಲಲ್ಲಿ ನಿಂತು, "ನೂಲು ಮುಗ್ಗಲು ಬಂದದೆ, ಮುಟ್ಟಿದ್ರೆ ಕಿತ್ಕೋತದೆ, ಹೇಳಿ ಅವ್ರಿಗೆ" ಎನ್ನುವಳು. ಅಪ್ಪ ಕೈಕಟ್ಟಿಕೊಂಡು ತಮಿಳಿನಲ್ಲಿ, "ಎಲ್ಲಾ ಚೆನ್ನಾಗಿದೆ, ನಿಮ್ಮ ದಯೆ" ಎನ್ನುವನು. ಯಜಮಾನ ಹೋದ ಮೇಲೆ ಅಮ್ಮ, "ಈಗ ಆ ದಯೇನೇ ಮಗ್ಗಕ್ಕೆ ಏರ್ಸಿ ನೇಯ್ರಿ" ಎಂದು ಗೊಣಗುವಳು. ಮಕ್ಕಳಾದ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತವನಿಗೆ ಎರಡು ಕೈಗೂ ಎರಡು ಕಾಲಿಗೂ ಕೆಲಸ. ನೂಲಿನ ಹತ್ತಿರ ಬೆಂಕಿ ಸುಳಿಯಬಾರದು, ಹಾಗಾಗಿ ಬೀಡಿ ಇಲ್ಲ. ಬಿಡುವಾಗಿರುವುದು ಬಾಯಿ ಮಾತ್ರ. ಕೆನ್ನೆಯಲ್ಲಿ ಹೊಗೆಸೊಪ್ಪು ಒತ್ತಿಟ್ಟುಕೊಂಡರೆ ಒಂದು ಸೀರೆಯ ಸೆರಗು ಮುಗಿಯುವವರೆಗೆ ಹಸಿವೆಯೂ ಇಲ್ಲ, ಬೇಸರವೂ ಇಲ್ಲ. ಅಪ್ಪ ಹಾಗೆ ಮಾಡಿದ, ನಾನೂ ಹಾಗೆ ಮಾಡಿದೆ. ನನಗೂ ಹೆಂಡತಿಗೂ ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಸೊಪ್ಪು ಇನ್ನೂ ಹೆಚ್ಚಾಯಿತು. ಕೆನ್ನೆಯೊಳಗಿನ ಬಿಳಿ ಮಚ್ಚೆ ಹುಣ್ಣಾಯಿತು, ಹುಣ್ಣು ಗಂಟಾಯಿತು. ಬಾಯಿ ತೆರೆದು ತುತ್ತು ಹಾಕಿಕೊಳ್ಳಲಾಗದ ದಿನ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಹೋದೆ. ಕೆನ್ನೆಯ ಒಳಭಾಗವನ್ನೂ ದವಡೆಯ ಒಂದು ತುಂಡನ್ನೂ ತೆಗೆದು, ಎದೆಯ ಚರ್ಮ ಮಾಂಸ ತಂದು ಆ ಜಾಗಕ್ಕೆ ಹೊಲಿದರು. ಆಮೇಲೆ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಾವು ರೋಗಿಗಳೆಲ್ಲ ಹೇಳುವುದೇ ಹಾಗೆ.

ಆಗ ನನ್ನನ್ನು ನೋಡಿಕೊಂಡವಳು ತಂಗಿ. ಅವಳನ್ನು ತಿರುಪ್ಪೂರಿಗೆ ಕೊಟ್ಟಿತ್ತು. ಗಂಡ ಬಟ್ಟೆಗೆ ಬಣ್ಣ ಹಾಕುವ ಪಟ್ಟಡೆಯಲ್ಲಿ ದುಡಿದು ನಡುವಯಸ್ಸಿನಲ್ಲೇ ಹೋದ. ಇವಳು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡಿ, ಎಂದರೆ ಹೊಲಿದು ಬಂದ ಬಟ್ಟೆಯ ತಪ್ಪು ನೋಡಿ ನೂಲಿನ ತುದಿ ಕತ್ತರಿಸಿ, ಒಬ್ಬಳೇ ಮಗಳನ್ನು ಬೆಳೆಸಿದಳು. ನನಗೆ ಹೀಗಾಯಿತೆಂದು ತಿಳಿದ ಕೂಡಲೆ ಕೆಲಸ ಬಿಟ್ಟು ಬಂದಳು. ರಾಗಿ ಗಂಜಿಯನ್ನು ತೆಳುಬಟ್ಟೆಯಲ್ಲಿ ಸೋಸಿ ಮೂಗಿನ ಕೊಳವೆಗೆ ಬಿಡುತ್ತಿದ್ದಳು. ನನ್ನ ಮಾತು ಆಗ ಯಾರಿಗೂ ತಿಳಿಯುತ್ತಿರಲಿಲ್ಲ. ಜೊಲ್ಲಿನ ಜೊತೆ ಸದ್ದು ಮಾತ್ರ ಬರುತ್ತಿತ್ತು. ಅವಳೊಬ್ಬಳಿಗೆ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಡಾಕ್ಟರು ಬಂದು ಹೇಗಿದ್ದೀರಿ ಎಂದು ಕೇಳಿದರು. ನಾನು ಸಿಟ್ಟಿನಲ್ಲಿ ಏನೋ ಗೊರಗುಟ್ಟಿದೆ.

"ಏನಮ್ಮಾ ಹೇಳ್ತಾರೆ?" ಎಂದು ಡಾಕ್ಟರು ತಂಗಿಯನ್ನು ಕೇಳಿದರು.

"ಈ ಕೊಳವೇನ ನೀವು ತೆಗೀತೀರೋ, ಇಲ್ಲ ನಾನೇ ಕಿತ್ತು ನಿಮ್ಮ ಕೈಗೆ ಕೊಡ್ಲೋ ಅಂತ ಕೇಳ್ತಾರೆ ಸಾರ್."

ಡಾಕ್ಟರು ನಕ್ಕರು. ಅವರು ಹೋದ ಮೇಲೆ ನಾನು ಅವಳನ್ನು ಗದರಿಸಿದೆ. ಹಾಗೆಯೇ ಹೇಳಿಬಿಡುವುದೇ, ಸ್ವಲ್ಪ ಮೆತ್ತಗೆ ಮಾಡಿ ಹೇಳಬಾರದಿತ್ತೇ ಎಂಬುದನ್ನು ಕೈಸನ್ನೆಯಲ್ಲಿ ಕೇಳಿದೆ.

"ನೋವು ನಿಂದು, ಮಾತೂ ನಿಂದು. ನಾನ್ಯಾಕೆ ಅದ್ರಲ್ಲಿ ಕತ್ರಿ ಆಡ್ಸಲಿ?" ಎಂದಳು.

ನಾನು ಚೇತರಿಸಿಕೊಂಡ ಮೇಲೆ ಅವಳು ತಿರುಪ್ಪೂರಿಗೆ ಹಿಂತಿರುಗಿದಳು. ನಾನು ಊರಿನಲ್ಲಿ ಒಬ್ಬನೇ ಕೂತೆ. ಆ ದಿನಗಳನ್ನು ಹೇಗೆ ಹೇಳಲಿ. ಮಗ್ಗ ಮಾರಿಯಾಗಿತ್ತು. ಅಂಗಡಿಯವನು ನನ್ನ ಮಾತು ಕೇಳಿಸಿಕೊಳ್ಳುವ ಮೊದಲೇ ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತರೆ ಎದುರಿನವರು ಎಲೆಯ ಮೇಲಿಂದ ಕಣ್ಣೆತ್ತುತ್ತಿರಲಿಲ್ಲ. ಹೆಗಲಿನ ಟವಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಇನ್ನೆಷ್ಟು ದಿನ ಎಂದು ಯೋಚಿಸುತ್ತಿದ್ದೆ. ಕ್ಯಾನ್ಸರ್ ಹೋಗಿತ್ತು, ನಾನೇನೂ ಉಳಿದಿರಲಿಲ್ಲ.

ತಪಾಸಣೆಗೆ ಹೋಗಿದ್ದಾಗ ಒಬ್ಬ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಕೊಳ್ಳೇಗಾಲದ ಕಡೆಯಿಂದ ಬಂದ ಒಬ್ಬ ಬಾಯಿಯ ಆಪರೇಷನ್ ಬೇಡವೆಂದು ಹಟ ಹಿಡಿದಿದ್ದಾನೆ, ಕನ್ನಡ ಬಿಟ್ಟು ಬೇರೆ ಬಾರದು, ನೀವು ಕೂತು ಮಾತಾಡಿ ಎಂದರು. ನಾನು ಹೋಗಿ ಅವನ ಪಕ್ಕ ಕೂತು ಬಾಯಿ ತೆರೆದು ತೋರಿಸಿದೆ. ಎದೆಯ ಚರ್ಮವಲ್ಲವೇ, ಅದರಲ್ಲಿ ಕೂದಲು ಬೆಳೆದಿತ್ತು.

"ಇದೇನು ಸಾಮಿ ಬಾಯೊಳ್ಗೆ?" ಎಂದ.

"ಎದೆ ಕೂದ್ಲು. ಕ್ಷೌರದೋನು ಮುಖಕ್ಕೆ ಎಷ್ಟು ತಗೋತಾನೆ, ಒಳಗಡೆಗೆ ಎಷ್ಟು ತಗೋತಾನೆ ಅಂತ ಇನ್ನೂ ಮಾತುಕತೆ ನಡೀತಾ ಇದೆ."

ಅವನು ನಕ್ಕ, ನೋವಿಗೆ ದವಡೆ ಹಿಡಿದುಕೊಂಡು ಮತ್ತೆ ನಕ್ಕ. ನನ್ನ ಹಾಳಾದ ಮಾತು ಅವನಿಗೆ ಅರ್ಥವಾಗಿತ್ತು. ಸಂಜೆಗೆ ಆಪರೇಷನ್ನಿಗೆ ಒಪ್ಪಿಕೊಂಡ. ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಹಸಿವಾಗುತ್ತಿತ್ತು. ಎಷ್ಟೋ ತಿಂಗಳ ನಂತರ ನಿಜವಾದ ಹಸಿವು.

ಆಮೇಲೆ ನನಗೆ ಆಸ್ಪತ್ರೆಗೆ ಹೋಗುವುದೇ ಕೆಲಸವಾಯಿತು. ನನ್ನಂತೆಯೇ ಇನ್ನೂ ಕೆಲವರು ಬರುತ್ತಿದ್ದರು. ಪೀಳಮೇಡಿನ ಒಬ್ಬ ಆಟೋ ಓಡಿಸುವವನು, ಗಂಟಲಿನ ತೂತಿಗೆ ಬೆರಳಿಟ್ಟು ಮಾತಾಡುವವನು. ವಾಲ್ಪಾರೈ ಎಸ್ಟೇಟಿನಲ್ಲಿ ಚಹಾ ಎಲೆ ಕಿತ್ತು ನಿವೃತ್ತಳಾದ ಒಬ್ಬ ಹೆಂಗಸು, ಒಂದು ಮೊಲೆ ಕಳೆದುಕೊಂಡವಳು. ಕರೆಂಟು ಕೊಡುವ ಕೋಣೆಯ ಹೊರಗಿನ ಬೆಂಚಿನಲ್ಲಿ ನಾವು ಕೂಡುತ್ತಿದ್ದೆವು. ಹೊಸದಾಗಿ ಬಂದವರಿಗೆ ಯಾವ ಕೌಂಟರಿಗೆ ಹೋಗಬೇಕು, ವಿಮೆ ಕಾರ್ಡಿಗೆ ಏನು ತರಬೇಕು ಎಂದು ಹೇಳುವುದು, ಮನೆಯವರು ಕೇಳಲು ಹೆದರುವ ಪ್ರಶ್ನೆಯನ್ನು ಡಾಕ್ಟರಿಗೆ ಕೇಳುವುದು, ಒಬ್ಬಂಟಿಯಾಗಿ ಬಂದವರ ಜೊತೆ ಒಳಗೆ ಹೋಗುವುದು ನಮ್ಮ ಕೆಲಸ. ಹೆಂಗಸರು ಕರೆಂಟಿಗೆ ಕಾಯುವಾಗ ಹಿಂದೆ ಕಟ್ಟುವ ಅಂಗಿ ತೊಟ್ಟು ಗಂಡಸರ ನಡುವೆಯೇ ಕೂರಬೇಕಿತ್ತು. ವಾಲ್ಪಾರೈ ಹೆಂಗಸು ಕಚೇರಿಗೆ ಹೋಗಿ, ಪರದೆ ಹಾಕಿಸದಿದ್ದರೆ ನಾಳೆ ನನ್ನ ಸೀರೆಯನ್ನೇ ಬಿಚ್ಚಿ ಇಲ್ಲಿ ಕಟ್ಟುತ್ತೇನೆ ಎಂದಳು. ಮರುದಿನ ಪರದೆ ಬಂತು. ಆ ಬೆಂಚಿನಲ್ಲಿ ನನ್ನ ಮುಖವನ್ನು ನೋಡಿ ಯಾರೂ ಕಣ್ಣು ತಪ್ಪಿಸಲಿಲ್ಲ. ನನಗೆ ಮತ್ತೆ ಜನ ಸಿಕ್ಕಿದರು.

ಆದರೆ ಮಾತು ಮರಳಿ ಬಂದವನಿಗೆ ಮಾತಿನ ಅಮಲೂ ಬರುತ್ತದೆ. ನನ್ನ ಉಚ್ಚಾರ ಸುಧಾರಿಸಿದಂತೆ ನಾನು ಎಲ್ಲರ ಪರವಾಗಿ ಮಾತಾಡತೊಡಗಿದೆ. ಬಿಟ್ಟುಕೊಟ್ಟವನೇ ಸೋತವನು ಎನ್ನುತ್ತಿದ್ದೆ. ಚಿಕಿತ್ಸೆ ಬೇಡವೆಂದವರನ್ನು ಒಪ್ಪಿಸುವುದರಲ್ಲಿ ನಾನೇ ಮುಂದು ಎಂದು ಎಲ್ಲರೂ ಹೇಳುತ್ತಿದ್ದರು. ವಾಲ್ಪಾರೈ ಹೆಂಗಸು ಮಾತ್ರ ಒಮ್ಮೆ, "ಅಣ್ಣಾ, ಡಾಕ್ಟರು ಕೇಳೋದು ರೋಗೀನ. ಅವರು ಬಾಯಿ ತೆಗೆಯೋಕೆ ಮುಂಚೇನೇ ನೀವು ಉತ್ತರ ಕೊಟ್ಟಿರ್ತೀರಿ. ರೋಗ ಅವರಿಗೋ ನಿಮಗೋ ಒಂದೊಂದ್ಸಲ ಗೊತ್ತಾಗಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗಿರುವಾಗ ತಂಗಿಗೆ ಗರ್ಭಕೋಶದ ಕ್ಯಾನ್ಸರ್ ಬಂತು. ನಾನೇ ಕರೆತಂದು ಅದೇ ಆಸ್ಪತ್ರೆಗೆ ಸೇರಿಸಿದೆ. ಆಪರೇಷನ್ ಆಯಿತು, ಕರೆಂಟು ಆಯಿತು, ಕೀಮೋ ಆಯಿತು. ಹಟದಿಂದ ಎಲ್ಲವನ್ನೂ ನುಂಗಿಕೊಂಡಳು. ಒಂದಷ್ಟು ಕಾಲ ಚೆನ್ನಾಗಿದ್ದಳು. ಆಮೇಲೆ ಅದು ಯಕೃತ್ತಿಗೆ ಹರಡಿತು. ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾದವು.

ಡಾಕ್ಟರು ನಮ್ಮನ್ನು ಕರೆದ ದಿನ ಅವಳ ಮಗಳು ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಕೂರಲು ಅವಳಿಗೆ ಧೈರ್ಯವಾಗಲಿಲ್ಲ. "ಮಾಮ, ನೀವು ಹೋಗಿ ಕೇಳ್ಕೊಂಡು ಬನ್ನಿ" ಎಂದಳು. ನಮ್ಮ ಬೆಂಚಿನವರೂ ಹೊರಗೆ ಕಾಯುತ್ತಿದ್ದರು. ನನ್ನ ತಂಗಿ ಇದನ್ನೂ ಗೆಲ್ಲುತ್ತಾಳೆ ನೋಡುತ್ತಿರಿ ಎಂದು ಅವರಿಗೆಲ್ಲ ನಾನು ಹೇಳಿಟ್ಟಿದ್ದೆ. ಒಳಗೆ ಹೋಗುವ ಮುಂಚೆ ತಂಗಿಗೆ, "ನೀನು ಸುಮ್ನಿರು, ಡಾಕ್ಟರ ಹತ್ರ ಹೆಂಗೆ ಮಾತಾಡ್ಬೇಕು ಅಂತ ನಂಗೊತ್ತು" ಎಂದೆ. ಅವಳು ತಲೆಯಾಡಿಸಿದಳು.

ಡಾಕ್ಟರು ಚಿಕ್ಕ ವಯಸ್ಸಿನವರು, ಹೆಂಗಸು. ಏನನ್ನೂ ಮುಚ್ಚಿಡಲಿಲ್ಲ. ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಇದು ಇನ್ನು ವಾಸಿಯಾಗುವುದಿಲ್ಲ. ಇನ್ನೊಂದು ಬಗೆಯ ಕೀಮೋ ಇದೆ, ಕೊಟ್ಟರೆ ಒಂದಿಷ್ಟು ಕಾಲ ಸಿಗಬಹುದು, ಸಿಗದೆಯೂ ಹೋಗಬಹುದು, ಆದರೆ ಕಷ್ಟ ಖಂಡಿತ. ಬೇಡವೆಂದರೆ ನೋವಿಗೆ ಔಷಧಿ ಕೊಡುತ್ತೇವೆ, ಮನೆಯಲ್ಲಿ ಇರಬಹುದು. ಎರಡೂ ಸರಿಯೇ. ಆಮೇಲೆ ನನ್ನನ್ನು ಬಿಟ್ಟು ತಂಗಿಯ ಕಡೆಯೇ ನೋಡಿ, "ನಿಮಗೆ ಏನು ಬೇಕಮ್ಮಾ?" ಎಂದರು.

ತಂಗಿ ಡಾಕ್ಟರಿಗೆ ಉತ್ತರ ಕೊಡಲಿಲ್ಲ. ಹುಟ್ಟಿನಿಂದ ಮಾಡಿಕೊಂಡು ಬಂದ ಹಾಗೆ ನನ್ನ ಕಡೆ ತಿರುಗಿದಳು.

"ಅಣ್ಣ, ಸಾಕು ಅಂತೇಳು. ಇನ್ನ ಬ್ಯಾಡ. ನನ್ನ ಮನೆಗೆ ಕರ್ಕೊಂಡೋಗಿ ಬುಟ್ಬುಡು. ಒಂದೀಟು ಹುರುಳಿ ಕಟ್ಟು ಕುಡ್ದು ನಮ್ಮ ಬಾಗಿಲಲ್ಲಿ ಮಲಗ್ತೀನಿ. ಬೀದಿ ಹೆಂಗಸ್ರು ಕೂತು ನೂಲು ಕತ್ತರಿಸ್ತಾ ಹರಟ್ತಾರಲ್ಲ, ಅದನ್ನ ಕೇಳ್ಕೊಂಡಿರ್ತೀನಿ."

ಡಾಕ್ಟರು ನನ್ನನ್ನು ನೋಡಿದರು. "ಏನು ಹೇಳ್ತಾರೆ?"

ನಾನು ತಮಿಳಿನಲ್ಲಿ ಹೇಳಿದೆ: "ತಡೆದುಕೊಳ್ತಾಳಂತೆ. ಶುರು ಮಾಡಿ ಅಂತಾಳೆ. ಕೊನೆವರೆಗೂ ಹೋರಾಡ್ತೀನಿ ಅಂತಾಳೆ."

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳಿಲ್ಲದೆ ಬದುಕುವುದು ನನಗೆ ಬೇಡವಾಗಿತ್ತು, ಅದು ನಿಜ. ಹೊರಗೆ ಬೆಂಚಿನವರಿಗೆ ಏನು ಮುಖ ತೋರಿಸಲಿ ಎಂಬ ಯೋಚನೆ ಆ ಗಳಿಗೆಯಲ್ಲಿ ಬಂದದ್ದೂ ನಿಜ. ಯಾವುದು ಎಷ್ಟು ಎಂದು ನನಗೆ ಬೇರ್ಪಡಿಸಿ ಹೇಳಲಾಗುವುದಿಲ್ಲ.

ಬದುಕಿಡೀ ತಿರುಪ್ಪೂರಿನಲ್ಲಿ ದುಡಿದವಳು ಅವಳು. ನನ್ನ ತಮಿಳಿನ ಒಂದೊಂದು ಅಕ್ಷರವೂ ಅವಳಿಗೆ ತಿಳಿಯಿತು. ನನ್ನ ಮುಖವನ್ನು ನೋಡಿದಳು. ಬಾಯಿ ತೆರೆದು ಇಲ್ಲ ಎಂದಿದ್ದರೆ ಆ ಡಾಕ್ಟರು ಕೇಳುತ್ತಿದ್ದರು. ಆದರೆ ಹೊರಗಿನವರ ಎದುರು ಅಣ್ಣನ ಮಾತನ್ನು ತಿದ್ದುವುದು ನಮ್ಮ ಮನೆಯಲ್ಲಿ ಇಲ್ಲ. ಡಾಕ್ಟರು ಮತ್ತೊಮ್ಮೆ, "ಹೌದಾ ಅಮ್ಮಾ?" ಎಂದರು. ಅವಳು ಸೆರಗನ್ನು ಸರಿಮಾಡಿಕೊಂಡು, "ಅಣ್ಣ ಹೇಳಿದ ಹಾಗೆ" ಎಂದಳು.

ಆ ಕೀಮೋ ಅವಳ ಬಾಯಿಯನ್ನು ಗಂಟಲಿನವರೆಗೆ ಸುಲಿಯಿತು. ನೀರು ನುಂಗಲೂ ಆಗುತ್ತಿರಲಿಲ್ಲ. ಮನೆಗೆ ಕರೆದೊಯ್ಯುವ ಸ್ಥಿತಿ ಮತ್ತೆ ಬರಲಿಲ್ಲ. ವಾರ್ಡಿನಿಂದ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ನಾನು ಅವಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದೆ. ಅವಳು ಕಣ್ಣು ತೆರೆದು ನನ್ನನ್ನೇ ನೋಡಿ, ತುಂಬ ಹೊತ್ತು ತೆಗೆದುಕೊಂಡು ಹೇಳಿದಳು: "ನಿನ್ನ ಬಾಯಿ ಈಗ ಚೆನ್ನಾಗಿ ಮಾತಾಡ್ತದೆ ಅಣ್ಣ." ಅಷ್ಟೇ. ಅದರ ಮೇಲೆ ನನ್ನ ಹತ್ತಿರ ಅವಳು ಏನೂ ಹೇಳಲಿಲ್ಲ. ಎರಡು ದಿನಕ್ಕೆ ಕೊಳವೆ ಹಾಕಿದರು, ಮಾತು ನಿಂತಿತು. ಗಾಜಿನ ಬಾಗಿಲಿನ ಆಚೆ ಹೋದಳು.

ತಿರುಪ್ಪೂರಿನ ಮನೆಯ ಬಾಗಿಲಿಗೆ ಅವಳನ್ನು ತಂದದ್ದು ಬಿಳಿ ಬಟ್ಟೆಯಲ್ಲಿ ಸುತ್ತಿ. ಬೀದಿಯ ಹೆಂಗಸರು ಕೆಲಸ ನಿಲ್ಲಿಸಿ ಬಂದು ಅತ್ತರು. ಅವಳ ಮಗಳು ನನ್ನ ಕಾಲ ಬಳಿ ಕೂತು, "ಮಾಮ, ಅಮ್ಮ ಒಳಗೆ ಏನಂದ್ಳು ಹೇಳಿ, ಡಾಕ್ಟ್ರ ಹತ್ರ ಏನಂದ್ಳು" ಎಂದು ಕೇಳಿದಳು. ಆಗಲಾದರೂ ಹೇಳಬಹುದಿತ್ತು. "ಕೊನೆವರೆಗೂ ಹೋರಾಡ್ತೀನಿ ಅಂದ್ಳು ಅಮ್ಮಣಿ" ಎಂದೆ. ಅವಳು ಕಣ್ಣೊರೆಸಿಕೊಂಡಳು. ಆ ಮಾತನ್ನು ಭದ್ರವಾಗಿ ಇಟ್ಟುಕೊಂಡಳು.

ಅಲ್ಲಿಂದ ಅದು ಬೆಳೆಯಿತು. ತಾಯಿ ಇದ್ದ ಕಂಪನಿಯಲ್ಲೇ ಮಗಳೂ ಚೆಕಿಂಗ್ ಮಾಡುತ್ತಾಳೆ. ಊಟದ ಬಿಡುವಿನಲ್ಲಿ ಜೊತೆಯ ಹೆಂಗಸರಿಗೆ ತನ್ನ ತಾಯಿಯ ಕಥೆ ಹೇಳಿ, ತಪಾಸಣೆ ಮಾಡಿಸಿಕೊಳ್ಳಿ ಎಂದು ಒತ್ತಾಯಿಸತೊಡಗಿದಳು. ರಜೆಯ ದಿನ ಅವರನ್ನು ಬಸ್ಸು ಹತ್ತಿಸಿಕೊಂಡು ನಮ್ಮ ಬೆಂಚಿಗೆ ತರುತ್ತಿದ್ದಳು. ಒಬ್ಬಳಿಗೆ ಬಹಳ ಬೇಗ ಪತ್ತೆಯಾಗಿ ವಾಸಿಯಾಯಿತು. ಅವಳು ಬಂದು ನನ್ನ ತಂಗಿಯ ಮಗಳ ಕೈ ಹಿಡಿದು ಅಳುವುದನ್ನು ನಾನು ಕಣ್ಣಾರೆ ನೋಡಿದೆ. ಆಸ್ಪತ್ರೆಯಲ್ಲಿ ಒಂದು ಸಭೆ ಮಾಡಿದಾಗ ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. "ನಮ್ಮಮ್ಮ ಡಾಕ್ಟರ ಮುಖಕ್ಕೆ ಹೇಳಿದಳು, ಕೊನೆವರೆಗೂ ಹೋರಾಡ್ತೀನಿ ಅಂತ" ಎಂದು ತಮಿಳಿನಲ್ಲಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆ ಡಾಕ್ಟರಮ್ಮನೂ ಅಲ್ಲಿದ್ದರು. ಇಷ್ಟು ಒಳ್ಳೆಯದು ಆಗುತ್ತಿರುವಾಗ ಈಗ ಬಾಯಿ ಬಿಟ್ಟು ಯಾರಿಗೆ ಲಾಭ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಳೆದ ಬೇಸಿಗೆಯಲ್ಲಿ ತಂಗಿಯ ಮಗಳ ಅತ್ತೆಗೆ, ಎಂದರೆ ಅವಳ ಗಂಡನ ತಾಯಿಗೆ, ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಆಗಲೇ ತಡವಾಗಿತ್ತು. ಆಕೆಯೂ ನಮ್ಮವರೇ, ಮನೆಯಲ್ಲಿ ಕನ್ನಡ. ಕೀಮೋ ಶುರುವಾಗಿ ಅರ್ಧಕ್ಕೆ ಆಕೆ ಇನ್ನು ಬರುವುದಿಲ್ಲ ಎಂದು ಕೂತುಬಿಟ್ಟರು. ನನ್ನ ತಂಗಿಯ ಮಗಳು ನನಗೆ ಫೋನು ಮಾಡಿದಳು.

"ಮಾಮ, ನೀವೇ ಬರ್ಬೇಕು. ನನ್ನ ಮಾತು ಕೇಳ್ತಾ ಇಲ್ಲ. ನಮ್ಮಮ್ಮ ಏನ್ ಹೇಳಿದ್ಲು ಅನ್ನೋದನ್ನ ಡಾಕ್ಟ್ರ ಮುಂದೇನೇ ಇವ್ರಿಗೆ ಹೇಳಿ. ಆಗ ಒಪ್ಕೋತಾರೆ."

ಹೋದೆ. ಅದೇ ಕೋಣೆ, ಅದೇ ಡಾಕ್ಟರು. ಈ ಸಲ ಅವಳು ಹೊರಗೆ ನಿಲ್ಲಲಿಲ್ಲ, ಅತ್ತೆಯ ಪಕ್ಕದಲ್ಲೇ ಕೂತಳು. ಡಾಕ್ಟರು ಎರಡೂ ದಾರಿಗಳನ್ನು ಹೇಳಿ ಕೇಳಿದರು. ಆ ಮುದುಕಿ ನನ್ನ ಕಡೆ ತಿರುಗಿದರು. ಅಲ್ಲಿದ್ದ ಹಿರಿಯ ನಾನೇ ತಾನೇ.

"ಬ್ಯಾಡ ಕಣಪ್ಪಾ. ಮೈ ಸೋತೋಗದೆ. ಮನೇಲಿ ಇದ್ಬುಡ್ತೀನಿ ಅಂತ ಹೇಳಿ ಆಯಮ್ಮಂಗೆ."

"ಮಾಮ, ಹೇಳಿ," ಎಂದಳು ತಂಗಿಯ ಮಗಳು. "ಅಮ್ಮ ಅಂದದ್ದನ್ನ ಹೇಳಿ."

ನಾನು ಡಾಕ್ಟರ ಕಡೆ ತಿರುಗಿ ಆ ಮುದುಕಿ ಹೇಳಿದ್ದನ್ನು ಹಾಗೆಯೇ ತಮಿಳಿನಲ್ಲಿ ಹೇಳಿದೆ. ಬೇಡವಂತೆ, ಮೈ ಸೋತಿದೆಯಂತೆ, ಮನೆಯಲ್ಲಿ ಇರುತ್ತಾರಂತೆ. ಡಾಕ್ಟರು ಸರಿ ಎಂದು ನೋವಿನ ಔಷಧಿ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಅವಳು ಬೆಂಚಿನವರೆಲ್ಲ ಕೇಳುವ ಹಾಗೆ ಮಾತಾಡಿದಳು. ಗಟ್ಟಿಯಾಗಿ ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮಮ್ಮಂಗೆ ಒಂದು ನ್ಯಾಯ, ಇವ್ರಿಗೊಂದು ನ್ಯಾಯವಾ ಮಾಮ? ಅಮ್ಮನ್ನ ಕೊನೇ ಉಸ್ರಿನವರ್ಗೂ ನಿಲ್ಲಿಸಿ ಹೋರಾಡ್ಸಿದ್ರಿ. ಇವ್ರು ಬ್ಯಾಡ ಅಂದ ಕೂಡ್ಲೆ ಆಯ್ತು ಅಂದ್ಬುಟ್ರಲ್ಲ. ನನ್ನ ಗಂಡ ನಾಳೆ ಕೇಳಿದ್ರೆ ಏನ್ ಹೇಳ್ಲಿ? ನಿಮ್ಮಮ್ಮಂಗೆ ಅಷ್ಟು ಮಾಡಿಸ್ದೆ, ನಮ್ಮಮ್ಮನ್ನ ಸಾಯೋಕೆ ಬುಟ್ಟೆ ಅನ್ನಲ್ವಾ?"

ಆ ಗಳಿಗೆಯಲ್ಲಿ ಸತ್ಯ ನನ್ನ ನಾಲಗೆಯ ತುದಿಯಲ್ಲಿತ್ತು. ನಿಮ್ಮಮ್ಮನೂ ಬೇಡ ಎಂದಿದ್ದಳು, ಇದೇ ಮಾತನ್ನೇ ಹೇಳಿದ್ದಳು ಎಂದರೆ ಸಾಕಿತ್ತು. "ಒಬ್ಬೊಬ್ಬರ ಮೈ ಒಂದೊಂದು ಥರ ಅಮ್ಮಣಿ" ಎಂದೆ. ವಾಲ್ಪಾರೈ ಹೆಂಗಸು ನನ್ನನ್ನು ಒಂದು ಥರ ನೋಡಿ ಬೇರೆ ಕಡೆ ತಿರುಗಿದಳು. ಅವಳಿಗೆ ಏನಾದರೂ ಗೊತ್ತಾಯಿತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ತಂಗಿಯ ಮಗಳು ಬೆಂಚಿಗೆ ಬರುವುದನ್ನು ನಿಲ್ಲಿಸಿದಳು. ಕಂಪನಿಯ ಹೆಂಗಸರನ್ನು ಕಳಿಸುವುದನ್ನೂ ನಿಲ್ಲಿಸಿದಳು. ನಾನು ಈಗಲೂ ಅಲ್ಲಿಗೆ ಹೋಗುತ್ತೇನೆ, ಆದರೆ ಯಾರ ಜೊತೆಯೂ ಒಳಗೆ ಹೋಗುವುದಿಲ್ಲ. ಕೌಂಟರ್ ಎಲ್ಲಿ, ಕ್ಯಾಂಟೀನ್ ಎಲ್ಲಿ ಎಂದು ಕೈ ತೋರಿಸುತ್ತೇನೆ. ಆಟೋದವನು ಗಂಟಲಿಗೆ ಬೆರಳಿಟ್ಟು, "ಏನಣ್ಣಾ, ನನ್ನ ತೂತು ನಿನಗೆ ಬಂತಾ, ಮಾತೇ ಇಲ್ಲ" ಎಂದು ಛೇಡಿಸುತ್ತಾನೆ.

ಮೊನ್ನೆ ತಿರುಪ್ಪೂರಿಗೆ ಹೋದೆ. ಹೇಳಿಯೇ ಬರುವುದೆಂದು ಹೋದೆ. ಅವಳ ಅತ್ತೆ ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ನೋವು ಹತೋಟಿಯಲ್ಲಿತ್ತು, ಮುಖ ಶಾಂತವಾಗಿತ್ತು. ಮೊಮ್ಮಗಳು ಕಾಲ ಬಳಿ ಕೂತು ಪಾಠ ಓದುತ್ತಿತ್ತು. "ಬನ್ನಿ ಮಾಮ" ಎಂದು ತಂಗಿಯ ಮಗಳು ಕರೆದಳು, ಕರೆಯದೆ ಇರಬಾರದಲ್ಲ. ಕಾಫಿ ಮಾಡಲು ಒಳಗೆ ಹೋದಳು. ಮುದುಕಿ ನನ್ನನ್ನು ಹತ್ತಿರ ಕರೆದರು.

"ಅವ್ಳು ನನ್ನ ಹೂವಿನ ಹಂಗೆ ನೋಡ್ಕೋತಾಳೆ. ಆದ್ರೆ ಅಡುಗೆ ಮನೇಲಿ ನಿಂತು ಅಳ್ತಾಳೆ. ನಮ್ಮಮ್ಮ ಅಷ್ಟು ತಡ್ಕೊಂಡ್ಳು, ನಿಮ್ಮನ್ನ ಒಪ್ಸೋಕೆ ನನ್ನ ಕೈಲಿ ಆಗ್ಲಿಲ್ಲ ಅಂತಾಳೆ. ನಂಗೂ ನಾಚ್ಕೆ ಆಗದೆ ಕಣಪ್ಪಾ. ನಿನ್ನ ತಂಗಿ ಹಂಗೆ ನಾನು ಗಟ್ಟಿಗಿತ್ತಿ ಅಲ್ಲ. ಏನ್ಮಾಡ್ಲಿ, ನಂಗೆ ಮನೇಲೇ ಇರ್ಬೇಕು ಅನ್ನಿಸ್ತು."

ಸಾಯುತ್ತಿರುವ ಒಬ್ಬ ಮುದುಕಿ ನನ್ನ ಸುಳ್ಳಿನ ಮುಂದೆ ತಲೆ ತಗ್ಗಿಸುತ್ತಿದ್ದರು. ನಾನು ಆಕೆಯ ಕೈ ಹಿಡಿದುಕೊಂಡೆ. ತಂಗಿಯ ಮಗಳು ಕಾಫಿ ತಂದು ಇಟ್ಟಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಅಮ್ಮಣಿ" ಎಂದೆ. "ಏನು ಮಾಮ" ಎಂದು ಅಲ್ಲೇ ನಿಂತಳು, ಕಾದಳು. ಕಂಪನಿಯ ವ್ಯಾನು ಬೀದಿಯಲ್ಲಿ ಹಾರನ್ ಹೊಡೆಯಿತು. "ವ್ಯಾನು ಬಂತು ನೋಡು" ಎಂದೆ. ಅವಳು ಅತ್ತೆಯ ಬೆನ್ನಿನ ಕೆಳಗೆ ದಿಂಬು ಸರಿಮಾಡಿ, ಮಗಳಿಗೆ ಔಷಧಿಯ ಹೊತ್ತು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಈ ಬರಹ ಅವಳಿಗೆ ಓದಲು ಬರುವುದಿಲ್ಲ. ಅವಳೂ ತಮಿಳು ಶಾಲೆಯಲ್ಲಿ ಕಲಿತವಳು, ಕನ್ನಡ ಅಕ್ಷರ ಅರಿಯಳು. ತಮಿಳು ನನಗೂ ಬರೆಯಲು ಬರುತ್ತದೆ, ಆದರೂ ನಾನು ಕನ್ನಡದಲ್ಲಿ ಬರೆಯಲು ಕೂತೆ. ಇಷ್ಟು ದೂರ ಬಂದ ಮೇಲೆ ಅದನ್ನೂ ಮುಚ್ಚಿಡುವುದು ಬೇಡ.

ತಂಗಿಯ ಹತ್ತಿರ ಮನಸ್ಸಿನಲ್ಲೇ ಎಷ್ಟೋ ಸಲ ತಪ್ಪಾಯಿತು ಎಂದಿದ್ದೇನೆ. ಸತ್ತವರು ತಿರುಗಿ ಕೇಳುವುದಿಲ್ಲ, ಹಾಗಾಗಿ ಹೇಳುವುದು ಕಷ್ಟವಾಗಲಿಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಬದುಕಿರುವವಳ ಹತ್ತಿರ. ತನ್ನ ತಾಯಿ ಒಪ್ಪಿ ನರಳಿದಳೆಂದು ನಂಬಿಕೊಂಡು, ತಾನೇ ಅತ್ತೆಯನ್ನು ಕೈಬಿಟ್ಟೆನೆಂದು ಅಡುಗೆ ಮನೆಯಲ್ಲಿ ನಿಂತು ಅಳುವವಳು, ನನ್ನನ್ನು ಇನ್ನೂ ಮಾಮ ಎಂದೇ ಕರೆಯುವವಳು, ನನ್ನ ತಂಗಿಯ ಮಗಳು.